ಪಾಲು ಹಾಕದ ಟ್ರಿಪ್ಪು

ತಮ್ಮ ಕೆಲಸದ ಬದುಕನ್ನು ಬರೆದು ಹೆಸರು ಮಾಡಿದವರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಆಗಾಗ ಬರುತ್ತಾರೆ. ಪುಸ್ತಕ ಗೆದ್ದಿರುತ್ತದೆ, ನಿದ್ದೆ ಹೋಗಿರುತ್ತದೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ, ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದವರಲ್ಲಿ ಒಬ್ಬರು ಆಳಸಮುದ್ರದ ಮೀನುಗಾರಿಕೆ ಬೋಟಿನ ಕ್ಯಾಪ್ಟನ್ ಆಗಿದ್ದವರು. ಮೊದಲ ಪುಸ್ತಕ ಚೆನ್ನಾಗಿ ಮಾರಾಟವಾಗಿತ್ತು. ಎರಡನೆಯದಕ್ಕೆ ಮುಂಗಡವೂ ಬಂದಿತ್ತು. ಆದರೆ ಒಂದು ಸಾಲೂ ಹೊರಡುತ್ತಿರಲಿಲ್ಲ. ‘ಇದೆಲ್ಲ ಬಿಟ್ಟು ವಾಪಸ್ ಬೋಟಿಗೆ ಹೋಗಿಬಿಡ್ತೀನಿ ಮೇಡಂ’ ಎನ್ನುತ್ತಿದ್ದರು.

ಕಡಲು ಬಿಟ್ಟ ಕೊರಗು ಅಂದುಕೊಂಡೆ. ಅಮೆರಿಕದ ಲಿಂಡಾ ಗ್ರೀನ್‌ಲಾ ಅವರ ವಿಷಯ ಹೇಳಿದೆ. ಕತ್ತಿಮೀನು ಹಿಡಿಯುವ ಬೋಟಿನ ಕ್ಯಾಪ್ಟನ್ ಆಗಿದ್ದ ಅವರ ಮೊದಲ ಪುಸ್ತಕ ಬಂದದ್ದು 1999ರಲ್ಲಿ. ಸುಮಾರು ಹತ್ತು ವರ್ಷ ಬಿಟ್ಟು, 2008ರಲ್ಲಿ ಮತ್ತೆ ಕತ್ತಿಮೀನಿನ ಬೋಟು ನಡೆಸಿದರು. ಬರೆಯುವುದನ್ನೂ ಬಿಡಲಿಲ್ಲ. ‘ಎರಡೂ ಸಾಧ್ಯ ಅಲ್ವಾ?’ ಎಂದೆ. ಅವರು ತಲೆಯಾಡಿಸಿದರು, ಅಷ್ಟೇ.

ಮೂರನೆಯ ಭೇಟಿಯಲ್ಲಿ ಸುಮ್ನೆ ಕೇಳಿದೆ, ‘ಬೋಟಿನಲ್ಲಿ ದುಡ್ಡಿನ ಲೆಕ್ಕ ಹೇಗೆ?’ ಮುಖ ಅರಳಿತು. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ಗಾಳಕ್ಕೆ ಸಿಕ್ಕಿಸುವ ಮೀನು, ಊಟ, ಎಲ್ಲ ಮೊದಲು ಕಳೆಯುತ್ತಾರಂತೆ. ಉಳಿದದ್ದರಲ್ಲಿ ಮಾಲೀಕರಿಗೆ ಪಾಲು, ಕ್ಯಾಪ್ಟನ್‌ಗೆ ಪಾಲು, ಹುಡುಗರಿಗೆ ಪಾಲು. ಮೀನು ಬೀಳದಿದ್ದರೆ ಎಲ್ಲರ ಕೈಯೂ ಖಾಲಿ. ಹೇಳುತ್ತಾ ಹೇಳುತ್ತಾ ಮಾತು ನಿಂತಿತು.

‘ಪುಸ್ತಕದಲ್ಲಿರೋದು ಆ ಹುಡುಗರ ಕಥೆ ಮೇಡಂ. ರಾತ್ರಿ ಹೊತ್ತು ನಾನೊಬ್ಬನೇ ಬೋಟು ನಡೆಸ್ತಿದ್ದಾಗ ಪಕ್ಕ ಬಂದು ನಿಂತು ಹೇಳ್ಕೊಂಡಿದ್ದು. ಈ ಒಂದು ಟ್ರಿಪ್ಪಲ್ಲಿ ನಾನು ಯಾರಿಗೂ ಪಾಲು ಹಾಕಲಿಲ್ಲ.’

ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, ‘ಹಣ ಹಂಚಿಬಿಡ್ಲಾ?’

ಮೊದಲು ಹಣ ಬೇಡ ಎಂದೆ. ದುಡ್ಡು ಮುಂದೆ ಹೋದರೆ ಆ ಹುಡುಗರ ಬಾಯಿ ಕಟ್ಟಿದ ಹಾಗಾಗುತ್ತದೆ, ಸಿಟ್ಟಿದ್ದರೂ ಹೇಳಲಾರರು. ಒಬ್ಬೊಬ್ಬರ ಮನೆಗೂ ಹೋಗಿ. ಅವರ ಬಗ್ಗೆ ಬರೆದ ಪುಟ ಓದಿ ಹೇಳಿ. ಸಮರ್ಥನೆ ಕೊಡಬೇಡಿ. ತೆಗೆಯಿರಿ ಅಂದರೆ ತೆಗೆಯಿರಿ. ಹಣದ ಮಾತು ಅದಾದ ಮೇಲೆ.

ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ತಪ್ಪಿತಸ್ಥ ಭಾವನೆ ಇಳಿಸುವುದು ನಮ್ಮ ಕೆಲಸ, ಏರಿಸುವುದಲ್ಲ ಎಂದರು. ಸುಳ್ಳು ತಪ್ಪಿನ ಭಾರವಾದರೆ ನಾನೂ ಇಳಿಸುತ್ತೇನೆ. ಇಲ್ಲಿ ನಿಜವಾದ ಬಾಕಿ ಇತ್ತು. ಅದಕ್ಕೆ ಉಸಿರಾಟದ ವ್ಯಾಯಾಮ ಕಲಿಸಿ ಕಳಿಸಿದರೆ ಆ ಮನುಷ್ಯನಿಗೆ ಮೋಸ ಮಾಡಿದ ಹಾಗೆ. ಜೊತೆಗಿದ್ದವರ ಬಗ್ಗೆ ನೀವೂ ಬರೆಯುತ್ತಿದ್ದರೆ, ಅಚ್ಚಿಗೆ ಹೋಗುವ ಮುಂಚೆಯೇ ಅವರಿಗೆ ಓದಿ ಹೇಳಿ. ಆಗ ಬದಲಿಸುವುದೂ ಸುಲಭ, ಬೇಡ ಅನ್ನುವುದು ಅವರಿಗೂ ಸುಲಭ.

ಪುಸ್ತಕದಲ್ಲಿದ್ದ ನಾಲ್ವರು ಹುಡುಗರಲ್ಲಿ ಮೂವರು ಕೂತು ಕೇಳಿಸಿಕೊಂಡರು. ಒಬ್ಬರು ಎರಡು ತಪ್ಪು ತಿದ್ದಿಸಿದರು. ನಾಲ್ಕನೆಯವರು ಬಾಗಿಲು ತೆರೆಯಲಿಲ್ಲ. ಅವರ ಪುಟಗಳು ಮುಂದಿನ ಮುದ್ರಣದಲ್ಲಿ ಇರುವುದಿಲ್ಲ.