ಆ ಫರಿಸಾಯನನ್ನು ಅಷ್ಟು ಬೇಗ ಹೊರಗೆ ಕಳಿಸಬೇಡಿ

ಪ್ರಿಯ ಸಹೋದರಿ,

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸ ಕಾಲದ ಸಂಚಿಕೆಗೆಂದು ನೀವು ಕಳಿಸಿದ ‘ಗರ್ವ: ಆತ್ಮದ ಬೆಳವಣಿಗೆಗೆ ಅಡ್ಡಗೋಡೆ’ ಲೇಖನ ಕೈಸೇರಿತು. ಮೊದಲ ಸಲ ಓದಿದಾಗ ಸಿಟ್ಟು ಬಂತು. ಪಕ್ಕಕ್ಕಿಟ್ಟೆ. ರಾತ್ರಿ ಊಟ ಆದ ಮೇಲೆ ಮತ್ತೆ ತೆಗೆದು ಓದಿದೆ. ಆಗ ಆರನೇ ಪುಟದಲ್ಲಿ ಎರಡು ಸಾಲು ಸಿಕ್ಕವು. ಅವು ಇಲ್ಲದಿದ್ದರೆ ‘ಆಯ್ಕೆಯಾಗಿಲ್ಲ’ ಎಂದು ಬರೆದು ಮುಗಿಸುತ್ತಿದ್ದೆ. ಅವು ಇವೆ, ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ಕನ್ನಡ ಚೆನ್ನಾಗಿದೆ. ಅಧ್ಯಾಯ, ವಚನಗಳ ಸಂಖ್ಯೆ ಎಲ್ಲವೂ ಸರಿಯಾಗಿವೆ. ‘ಗರ್ವದಿಂದ ಭಂಗ, ಉಬ್ಬಿನಿಂದ ದೊಬ್ಬು’ ಎಂಬ ಬೈಬಲಿನ ಜ್ಞಾನೋಕ್ತಿಯ ಮಾತನ್ನು ಮೂರು ಕಡೆ ಹಾಕಿದ್ದೀರಿ, ಒಂದು ಕಡೆ ಸಾಕು. ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆ, ಅದನ್ನು ಹೇಳುತ್ತೇನೆ.

ನಿಮ್ಮ ಮೊದಲ ಸಾಲು ಹೀಗಿದೆ: “ಅಲ್ಪಳೂ ಅಯೋಗ್ಯಳೂ ಪಾಪಿಗಳಲ್ಲಿ ಮುಖ್ಯಳೂ ಆದ ನಾನು ಕರ್ತನ ಕೃಪೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.”

‘ಪಾಪಿಗಳಲ್ಲಿ ಮುಖ್ಯ’ ಅನ್ನೋದು ಅಪೊಸ್ತಲ ಪೌಲನ ಮಾತು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯ, 15ನೇ ವಚನ. ಆದರೆ ಎರಡೇ ವಚನ ಹಿಂದೆ ಹೋಗಿ ನೋಡಿ. ತಾನು ದೇವರನ್ನು ದೂಷಿಸಿದವನು, ಹಿಂಸಕ ಎಂದು ಅವನು ಬಾಯಿಬಿಟ್ಟು ಹೇಳಿದ್ದಾನೆ. ಏನು ಮಾಡಿದೆ ಅಂತ ಹೇಳಿದ ಮೇಲೆ ಪಾಪಿ ಅಂದುಕೊಂಡ. ನೀವು ಅಲ್ಪಳು ಅಂದಿರಿ, ಅಯೋಗ್ಯಳು ಅಂದಿರಿ. ಏನು ಮಾಡಿದಿರಿ ಅಂತ ಹೇಳಲಿಲ್ಲ. ಹಾಗಾಗಿ ಆ ಮಾತುಗಳಿಗೆ ತೂಕ ಬರಲಿಲ್ಲ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಕಥೆಯಲ್ಲಿ ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ: ಒಬ್ಬ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು, ಇನ್ನೊಬ್ಬ ಸುಂಕ ವಸೂಲಿ ಮಾಡುವವನು. ಆ ಸುಂಕದವನ ಪ್ರಾರ್ಥನೆ ನೋಡಿ, ಎಷ್ಟು ಚಿಕ್ಕದು. ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು.’ ಅಷ್ಟೇ. ಅವನು ಅದನ್ನು ಹೇಳಿದ್ದೂ ದೇವರ ಹತ್ತಿರ, ದೂರದಲ್ಲಿ ನಿಂತು, ತಲೆ ಎತ್ತದೆ. ನೀವು ಹೇಳುತ್ತಿರುವುದು ಓದುಗರ ಹತ್ತಿರ. ಓದುಗರು ಅದನ್ನು ಓದಿ ‘ಅಯ್ಯೋ, ಎಷ್ಟು ವಿನಯ’ ಅನ್ನುತ್ತಾರೆ. ಅವರು ಹಾಗೆ ಅನ್ನಲಿ ಎಂಬ ಆಸೆ ಆ ಸಾಲಿನಲ್ಲಿ ಇಲ್ವಾ? ನಿಮ್ಮನ್ನೇ ಕೇಳಿಕೊಳ್ಳಿ.

ಇದು ಹೊಸ ಕಾಯಿಲೆಯಲ್ಲ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಹತ್ತಿರ ಕಲಿತು, ಆಮೇಲೆ ಈಗಿನ ಫ್ರಾನ್ಸಿನ ಮಾರ್ಸೇಗೆ ಬಂದು ನೆಲೆಸಿದ ಜಾನ್ ಕ್ಯಾಸಿಯನ್ ಒಂದು ಘಟನೆ ಬರೆದಿಟ್ಟಿದ್ದಾನೆ. ಸೆರಪಿಯೋನ್ ಎಂಬ ಹಿರಿಯ ಸನ್ಯಾಸಿಯ ಗುಡಿಸಲಿಗೆ ಒಬ್ಬ ಯುವಕ ಬಂದ. ಬನ್ನಿ, ಪ್ರಾರ್ಥನೆ ಮಾಡಿ ಅಂದರೆ, ನಾನು ಮಹಾಪಾಪಿ, ನಿಮ್ಮ ಜೊತೆ ಒಂದೇ ಗಾಳಿ ಉಸಿರಾಡೋಕೂ ಯೋಗ್ಯನಲ್ಲ ಅಂದ. ಚಾಪೆ ಕೊಟ್ಟರೆ ಬೇಡ ಅಂತ ನೆಲದ ಮೇಲೆ ಕೂತ. ಪಾದ ತೊಳೆಯುತ್ತೇನೆ ಅಂದರೆ ಒಪ್ಪಲೇ ಇಲ್ಲ. ಊಟ ಆಯಿತು. ಆಗ ಸೆರಪಿಯೋನ್ ಮೆತ್ತಗೆ ಒಂದು ಬುದ್ಧಿಮಾತು ಹೇಳಿದ. ನೀನಿನ್ನೂ ಗಟ್ಟಿಮುಟ್ಟಾಗಿದ್ದೀಯ, ಸುಮ್ನೆ ಅಲ್ಲಿ ಇಲ್ಲಿ ಅಲೆಯಬೇಡ, ನಿನ್ನ ಗುಡಿಸಲಲ್ಲಿ ಕೂತು ಕೈಕೆಲಸ ಮಾಡಿ ಬದುಕು ಅಂತ. ಅಷ್ಟಕ್ಕೇ ಯುವಕನ ಮುಖ ಕೆಟ್ಟುಹೋಯಿತು. ಸೆರಪಿಯೋನ್ ಕೇಳಿದ: ಇಷ್ಟು ಹೊತ್ತು ಲೋಕದ ಎಲ್ಲ ಪಾಪವೂ ನಿನ್ನದೇ ಅಂತಿದ್ದೆ. ಈಗ ಒಂದು ಸಣ್ಣ ಬುದ್ಧಿಮಾತು ತಡೆಯೋಕೆ ಆಗಲಿಲ್ವಾ?

ನಿಮ್ಮ ಸಾಲಿಗೂ ಅದೇ ಪರೀಕ್ಷೆ ಇಟ್ಟು ನೋಡಿ. ನಾಳೆ ನಿಮ್ಮ ಸಭೆಯ ಯಾರಾದರೂ ಹಿರಿಯರು ನಿಮ್ಮ ಬಗ್ಗೆ ‘ಆಕೆ ಅಲ್ಪಳು, ಅಯೋಗ್ಯಳು’ ಅಂದರೆ ನಿಮಗೆ ಹೇಗಾಗುತ್ತದೆ? ನಾವೇ ಹೇಳಿಕೊಂಡಾಗ ಸಿಹಿಯಾಗಿದ್ದ ಮಾತು ಬೇರೆಯವರ ಬಾಯಲ್ಲಿ ಯಾಕೆ ಕಹಿಯಾಗುತ್ತದೆ? ನಿಮ್ಮ ಲೇಖನ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ. 12ನೇ ಶತಮಾನದ ಬರ್ನಾರ್ಡ್ ಎಂಬ ಮಠಾಧಿಪತಿ ಗರ್ವಕ್ಕೆ 12 ಮೆಟ್ಟಿಲು ಇವೆ ಎಂದು ಒಂದೊಂದಾಗಿ ಬರೆದ. ಅದರಲ್ಲಿ 9ನೆಯದು ಸುಳ್ಳು ಪಾಪನಿವೇದನೆ. ತನ್ನನ್ನು ತಾನೇ ಬೈದುಕೊಳ್ಳುವುದನ್ನು ಅವನು ವಿನಯದ ಲೆಕ್ಕಕ್ಕೆ ಹಾಕಲಿಲ್ಲ, ಗರ್ವದ ಲೆಕ್ಕಕ್ಕೆ ಹಾಕಿದ. ಅದೂ ಶುರುವಿನ ಮೆಟ್ಟಿಲಲ್ಲ, ಬಹಳ ದೂರ ಹೋದ ಮೇಲೆ ಬರುವುದು.

ಕ್ಯಾಸಿಯನ್ ಇನ್ನೊಂದು ಮಾತು ಹೇಳುತ್ತಾನೆ. ಹೊಗಳಿಕೆಯ ಆಸೆ ಈರುಳ್ಳಿ ಇದ್ದ ಹಾಗೆ, ಒಂದು ಸಿಪ್ಪೆ ಸುಲಿದರೆ ಒಳಗೆ ಇನ್ನೊಂದು ಅಂತ ಹಿರಿಯರು ಹೇಳುತ್ತಿದ್ದರಂತೆ. ಒಳ್ಳೇ ಬಟ್ಟೆ ಹಾಕಿ ಮೆರೆಯೋದು ಬಿಟ್ಟವನಿಗೆ ಹರಕು ಬಟ್ಟೆ ಹಾಕಿದ್ದೇನೆ ಅಂತ ಹೆಮ್ಮೆ ಬರುತ್ತದೆ. ಉಪವಾಸದ ಹೆಮ್ಮೆ ಬೇಡ ಅಂತ ಅದನ್ನು ಮುಚ್ಚಿಟ್ಟವನಿಗೆ ಮುಚ್ಚಿಟ್ಟಿದ್ದೇನೆ ಅಂತ ಹೆಮ್ಮೆ. ಉಳಿದ ಪಾಪಗಳು ನಾವು ಸೋತಾಗ ಬರುತ್ತವೆ. ಇದು ಗೆದ್ದಾಗ ಬರುತ್ತದೆ. ನೀವು ಗರ್ವವನ್ನು ‘ಅಡ್ಡಗೋಡೆ’ ಅಂದಿದ್ದೀರಿ. ಗೋಡೆ ಒಂದು ಕಡೆ ನಿಂತಿರುತ್ತದೆ, ಹತ್ತಿ ದಾಟಬಹುದು. ಇದು ನಮ್ಮ ಜೊತೆಗೇ ಹತ್ತುತ್ತದೆ. ಆ ಹೋಲಿಕೆ ತೆಗೆದುಬಿಡಿ.

ಈಗ ಅದೇ ಕಥೆ ಬರುವ ಲೂಕ 18ನೇ ಅಧ್ಯಾಯದ ಮೇಲೆ ನೀವು ಬರೆದ ಭಾಗ. ನನಗೆ ಸಿಟ್ಟು ಬಂದದ್ದು ಇಲ್ಲೇ.

“ಈ ಕಪಟಿ ಫರಿಸಾಯನು ದೇವಾಲಯಕ್ಕೆ ಹೋದದ್ದು ಪ್ರಾರ್ಥಿಸಲು ಅಲ್ಲ, ಮೆರೆಯಲು” ಎಂದಿದ್ದೀರಿ. ಯೇಸು ಹಾಗೆ ಹೇಳಿಲ್ಲ. ಇಬ್ಬರೂ ಪ್ರಾರ್ಥನೆಗೇ ಹೋದರು ಎಂದು 10ನೇ ವಚನದಲ್ಲಿ ಸ್ಪಷ್ಟವಾಗಿದೆ.

“ಅವನ ಉಪವಾಸ, ದಶಮಾಂಶ ಎಲ್ಲ ಬರೀ ತೋರಿಕೆ” ಎಂದಿದ್ದೀರಿ. ಅದೂ ಇಲ್ಲಿಲ್ಲ. ಅವನು ಸುಳ್ಳು ಹೇಳಿದ ಅಂತ ಕಥೆಯಲ್ಲಿ ಒಂದು ಮಾತೂ ಇಲ್ಲ. ಮೋಶೆಯ ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದು ಉಪವಾಸ, ದೋಷಪರಿಹಾರಕ ದಿನದಲ್ಲಿ. ಈತ ವಾರಕ್ಕೆ ಎರಡು ದಿನ ಮಾಡುತ್ತಿದ್ದ. ವರ್ಷಕ್ಕೆ ನೂರು ದಿನಕ್ಕಿಂತ ಜಾಸ್ತಿ! ನಾವು ಶುಭ ಶುಕ್ರವಾರ ಒಂದು ದಿನ ಉಪವಾಸ ಮಾಡಿ ಸಂಜೆಗೆ ಸುಸ್ತಾಗಿರುತ್ತೇವೆ, ಅಲ್ವಾ? ಸಂಪಾದಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುತ್ತಿದ್ದ. ಇಂಥ ಒಬ್ಬರು ನಮ್ಮ ಸಭೆಯಲ್ಲಿದ್ದರೆ ಮುಂದಿನ ಸಲ ಅವರನ್ನೇ ಕಮಿಟಿಗೆ ಆರಿಸುತ್ತೇವೆ. ಇನ್ನು ಆ ಸುಂಕದವನು ನೀವು ಚಿತ್ರಿಸಿದ ಹಾಗೆ ಬಡಪಾಯಿ ಏನಲ್ಲ. ಆ ಕಸುಬಿನವರು ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡುತ್ತಿದ್ದರು. ಹಾಗೆ ಮಾಡಬೇಡಿ ಅಂತ ಸ್ನಾನಿಕನಾದ ಯೋಹಾನನೇ ಅವರಿಗೆ ಹೇಳಬೇಕಾಯಿತು. ಕಥೆ ಕೇಳುತ್ತಿದ್ದವರಿಗೆ ಫರಿಸಾಯ ಗೌರವಸ್ಥ, ಸುಂಕದವನು ಊರಿಗೇ ಬೇಡದವನು. ಹಾಗಿದ್ದಾಗ ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಸುಂಕದವನೇ ಅಂದಾಗ ಅವರಿಗೆ ಎದೆ ಧಸಕ್ಕೆಂದಿರಬೇಕು. ನೀವು ಫರಿಸಾಯನನ್ನು ಮೊದಲ ಸಾಲಲ್ಲೇ ಕಪಟಿ ಮಾಡಿಬಿಟ್ಟರೆ ಆ ಪೆಟ್ಟು ಯಾರಿಗೂ ಬೀಳುವುದಿಲ್ಲ.

“ಅವನಿಗೆ ದೇವರಲ್ಲಿ ಕೃತಜ್ಞತೆಯೇ ಇರಲಿಲ್ಲ.” ಸಹೋದರಿ, ಅವನ ಬಾಯಿಂದ ಬಂದ ಮೊದಲ ಮಾತೇ ಸ್ತೋತ್ರ. ನನ್ನ ಶಕ್ತಿಯಿಂದ ಒಳ್ಳೆಯವನಾದೆ ಅಂತ ಅವನು ಹೇಳಲಿಲ್ಲ. ದೇವರೇ, ನಾನು ಉಳಿದವರ ಹಾಗೆ ಅಲ್ಲದಿರುವುದಕ್ಕೆ ನಿನಗೆ ಸ್ತೋತ್ರ ಅಂದ. ನಾವು ಕೂಟಗಳಲ್ಲಿ ಸಾಕ್ಷಿ ಹೇಳುವಾಗ ಹೇಳುವುದೂ ಇದನ್ನೇ. ನನಗೆ ಈ ಕಥೆಯಲ್ಲಿ ಹೆಚ್ಚು ಭಯ ಹುಟ್ಟಿಸುವ ಜಾಗ ಇದು. ಸ್ತೋತ್ರದ ಒಳಗೇ ಗರ್ವ ಕೂರಬಲ್ಲದು. ಅವನು ಕೆಟ್ಟದ್ದು ‘ಈ ಸುಂಕದವನಂತೆಯೂ ಅಲ್ಲ’ ಎಂಬಲ್ಲಿ. ದೇವರ ಮುಂದೆ ನಿಂತು ಪಕ್ಕಕ್ಕೆ ತಿರುಗಿ ನೋಡಿದ. ಈ ಕಥೆ ಯಾರಿಗೆ ಹೇಳಿದ್ದು ಅಂತ ಲೂಕ 9ನೇ ವಚನದಲ್ಲಿ ಮೊದಲೇ ತಿಳಿಸುತ್ತಾನೆ: ತಾವೇ ನೀತಿವಂತರೆಂದು ತಮ್ಮಲ್ಲಿ ಭರವಸೆಯಿಟ್ಟು ಉಳಿದವರನ್ನು ಕಡೆಗಣಿಸುತ್ತಿದ್ದವರಿಗೆ. ಆ ವಚನ ನಿಮ್ಮ ಲೇಖನದಲ್ಲಿ ಬಿಟ್ಟುಹೋಗಿದೆ.

ಭಾಗದ ಕೊನೆಗೆ ನೀವು ಬರೆದದ್ದು: “ಅಂಥವರಂತೆ ನಾವು ಆಗದೆ ಇರುವುದಕ್ಕಾಗಿ ಕರ್ತನನ್ನು ಕೊಂಡಾಡೋಣ.”

ಇದನ್ನು ಒಮ್ಮೆ ಗಟ್ಟಿಯಾಗಿ ಓದಿ. ಆಮೇಲೆ ಫರಿಸಾಯನ ಪ್ರಾರ್ಥನೆಯನ್ನೂ ಗಟ್ಟಿಯಾಗಿ ಓದಿ. ಎರಡೂ ಒಂದೇ.

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದೇ ಜಾಗದಲ್ಲಿ ನಾನೂ ನಿಂತಿದ್ದೆ. ಆಗ ನನಗೆ 23 ವರ್ಷ. ಒಂದು ಸಣ್ಣ ಕ್ರೈಸ್ತ ಮಾಸಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಸಂಪಾದಕರು ನಿವೃತ್ತ ಮೇಷ್ಟ್ರು. ಹಿಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮುದ್ರಣ ಮೆಷಿನ್ ಇತ್ತು, ಗೋಡೆಗೆ ಒರಗಿಸಿದ ಅಚ್ಚುಮೊಳೆಯ ಕೇಸುಗಳು. ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಮಾಡುವ ಪವಿತ್ರ ಗುರುವಾರದ ಪಾದ ತೊಳೆಯುವ ಆಚರಣೆಯ ಬಗ್ಗೆ ಒಂದು ಲೇಖನ ಬರೆದೆ. ಪಾದ ತೊಳೆಸಿಕೊಳ್ಳುವ 12 ಮಂದಿಯ ಪಟ್ಟಿಗೆ ಸೇರಲು ಜನ ಹೇಗೆ ಹಾತೊರೆಯುತ್ತಾರೆ, ಮುಂದಿನ ಸಾಲಲ್ಲಿ ಕೂರಲು ಹೇಗೆ ಒದ್ದಾಡುತ್ತಾರೆ ಅಂತೆಲ್ಲ ಖಾರವಾಗಿ ಬರೆದಿದ್ದೆ. ಮೇಷ್ಟ್ರು ಓದಿ ಏನೂ ಹೇಳಲಿಲ್ಲ. “ನೀನೇ ಕಂಪೋಸ್ ಮಾಡು” ಅಂದರು.

ಮೊಳೆ ಜೋಡಿಸುವ ಸ್ಟಿಕ್ ಹಿಡಿದು ನಿಂತೆ. ಒಂದೊಂದೇ ಸೀಸದ ಮೊಳೆ ಹುಡುಕಿ ತೆಗೆದು ಜೋಡಿಸಬೇಕು. ಬೆರಳ ತುದಿ ಕಪ್ಪಾಗುತ್ತಿತ್ತು. ಎರಡನೇ ಪುಟದ ಅರ್ಧಕ್ಕೆ ಬಂದಾಗ ‘ಥ’ ಅಕ್ಷರದ ಮನೆಗೆ ಕೈ ಹಾಕಿದರೆ ಖಾಲಿ. ಕನ್ನಡದಲ್ಲಿ ‘ಥ’ ಬಳಕೆ ಕಡಿಮೆ, ಕೇಸಿನಲ್ಲಿ ಆ ಮೊಳೆ ಇರುವುದೇ ಸ್ವಲ್ಪ. ಮೇಷ್ಟ್ರ ಹತ್ತಿರ ಹೋಗಿ ‘ಥ’ ಮುಗಿಯಿತು ಅಂದೆ. ಅವರು ಎದ್ದು ಬಂದು, ನಾನು ಜೋಡಿಸಿದ್ದ ಸಾಲುಗಳನ್ನು ತಲೆಕೆಳಗಾಗಿಯೇ ಓದಿದರು. ಬೆರಳಿಟ್ಟು ತೋರಿಸಿದರು. ಅಂಥವರು. ಇಂಥವರು. ಅಂಥವರಿಗೆ. ಇಂಥವರಿಂದ. ‘ಥ’ ಎಲ್ಲಾ ಅಲ್ಲೇ ಹೋಗಿತ್ತು.

ಆಮೇಲೆ ಕೇಳಿದರು: “ಆ ಹನ್ನೆರಡು ಜನರಲ್ಲಿ ನಿನ್ನನ್ನೂ ಕರೆದಿದ್ದರೆ ಇದನ್ನ ಬರೀತಿದ್ದೆಯಾ?”

ನನ್ನನ್ನು ಕರೆದಿರಲಿಲ್ಲ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅಂದು ಮಧ್ಯಾಹ್ನ ಪೂರ್ತಿ ಆ ಮೊಳೆಗಳನ್ನು ಬಿಚ್ಚಿ ಒಂದೊಂದನ್ನೇ ಅವುಗಳ ಮನೆಗೆ ವಾಪಸ್ ಹಾಕಿದೆ. ಕಣ್ಣು ಮಂಜಾಗಿತ್ತು. ಇವತ್ತಿಗೂ ‘ಅಂಥವರು’ ಎಂಬ ಪದ ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ನಿಮ್ಮ ಲೇಖನದಲ್ಲಿ ಅದನ್ನು ಎಣಿಸಿದೆ. 31 ಸಲ ಬಂದಿದೆ.

ಈಗ ಆ ಎರಡು ಸಾಲು. ಆರನೇ ಪುಟದಲ್ಲಿ ಏನೋ ಉದಾಹರಣೆ ಕೊಡುತ್ತಾ ಬರೆದಿದ್ದೀರಿ: “ಒಮ್ಮೆ ಕ್ರಿಸ್‌ಮಸ್ ಹಾಡಿನ ಸೋಲೋ ನನಗೆ ಕೊಡದೆ ಹೊಸದಾಗಿ ಬಂದ ಹುಡುಗಿಗೆ ಕೊಟ್ಟರು. ಆ ದಿನ ಗಂಟಲು ನೋವು ಅಂತ ಹೇಳಿ ನಾನು ಆರಾಧನೆಗೆ ಹೋಗಲಿಲ್ಲ.” ಅಷ್ಟು ಹೇಳಿ ತಕ್ಷಣ ‘ಇಂದಿನ ಸಭೆಗಳ ಸ್ಥಿತಿ’ಗೆ ಓಡಿಹೋಗಿದ್ದೀರಿ. ಓಡಬೇಡಿ. ಅಲ್ಲೇ ನಿಲ್ಲಿ. ಎಂಟು ಪುಟಗಳಲ್ಲಿ ನಿಜವಾಗಿ ಪಾಪಿಯೊಬ್ಬಳು ಕಂಡದ್ದು ನನಗೆ ಅಲ್ಲಿ ಮಾತ್ರ. ‘ಅಲ್ಪಳೂ ಅಯೋಗ್ಯಳೂ’ ಎಂಬ ಸಾಲು ಹೇಳದೆ ಬಿಟ್ಟದ್ದನ್ನು ‘ಗಂಟಲು ನೋವು’ ಹೇಳಿತು.

ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಅದನ್ನೇ ಬರೆಯಿರಿ. ಎರಡು ಪುಟ ಸಾಕು. ಬೆಳಗ್ಗೆ ಮನೆಯವರೆಲ್ಲ ಹೊರಟ ಮೇಲೆ ಒಬ್ಬರೇ ಏನು ಮಾಡಿದಿರಿ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ನಾಟಕ ಪೂರ್ತಿ ಮಾಡಿದಿರಾ? ಅಮ್ಮ ನಂಬಿದರಾ? ಸಂಜೆ ಆ ಹುಡುಗಿ ಎದುರು ಸಿಕ್ಕಾಗ ಏನು ಮಾತಾಡಿದಿರಿ? ಆಕೆಯ ಹೆಸರು ಬೇಡ. ಆದರೆ ಆ ದಿನ ಆಕೆ ಹೇಗೆ ಹಾಡಿದಳು ಅನ್ನೋದು ಲೇಖನದಲ್ಲಿ ಇರಲೇಬೇಕು. ನೀವು ಅಲ್ಲಿರಲಿಲ್ಲ, ಹಾಗಾಗಿ ನಿಮಗೆ ಗೊತ್ತಿರಲಿಕ್ಕಿಲ್ಲ. ಕೇಳಿದವರನ್ನು ಹುಡುಕಿ, ವಿಚಾರಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ. ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟುಕೊಂಡು ಕಾಯುತ್ತೇನೆ.

ಕರ್ತನಲ್ಲಿ ನಿಮ್ಮ,
ಸಂಪಾದಕ