ಓದುಗರ ಪ್ರಶ್ನೆ: ಒಟ್ಟಾಗಿ ಹಾಡುವ ಸಂಘದ ಉದ್ದೇಶವೇನು?

ಪ್ರಶ್ನೆ: ನಮ್ಮ ಓಣಿಯ ಭಜನಾ ಮಂಡಳಿಯವರೂ ಪಕ್ಕದ ಓಣಿಯ ಮಹಿಳಾ ಮಂಡಳಿಯವರೂ ಕೂಡಿ ಒಂದು ಸಮೂಹಗಾಯನ ಸಂಘವನ್ನು ನೋಂದಾಯಿಸಲು ಹೊರಟಿದ್ದೇವೆ. ‘ಕ್ವಾಯರ್ ಎಂಬುದು ಪರದೇಶದವರ ಪದ್ಧತಿ, ನಮಗೇಕೆ?’ ಎಂದು ಕೆಲವು ಹಿರಿಯರು ಕೇಳುತ್ತಾರೆ. ಇಂಥ ಸಂಘಗಳ ಇತಿಹಾಸವೇನು? ಉದ್ದೇಶವೆಂದು ಏನನ್ನು ಬರೆಯಬೇಕು?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ನಿಮ್ಮ ಹಿರಿಯರ ಮಾತು ಅರ್ಧ ನಿಜ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ದನಿಗಳನ್ನು ನಾಲ್ಕು ಪಾಲು ಮಾಡಿ, ಏಕಕಾಲಕ್ಕೆ ಬೇರೆ ಬೇರೆ ಸ್ವರಗಳನ್ನು ಹಾಡಿಸುವ ಕ್ರಮ ಯುರೋಪಿನದು. ಆದರೆ ಹಾಡುವುದನ್ನು ವೃತ್ತಿ ಮಾಡಿಕೊಳ್ಳದ ಊರಿನ ಜನ ಕೆಲಸ ಮುಗಿಸಿ ಬಂದು, ಕೂಡಿ ಹಾಡುವುದು ಯಾವ ಒಂದು ದೇಶದ ಸೊತ್ತೂ ಅಲ್ಲ.

ಯುರೋಪಿನಲ್ಲಿ ಇಂಥ ಸಂಘಗಳಿಗೆ ಮೇಲ್ಪಂಕ್ತಿ ಹಾಕಿದ್ದು 1791ರಲ್ಲಿ ಕಾರ್ಲ್ ಫ್ರೀಡ್ರಿಶ್ ಫಾಶ್ ಕಟ್ಟಿದ ಬರ್ಲಿನ್ನಿನ ‘ಸಿಂಗ್-ಅಕಾಡೆಮಿ’. ಗಂಡಸರೂ ಹೆಂಗಸರೂ ಕೂಡಿ ಹಾಡುತ್ತಿದ್ದ ಈ ಹವ್ಯಾಸಿಗಳ ಸಂಘವೇ, 1750ರಲ್ಲಿ ತೀರಿಕೊಂಡ ಜರ್ಮನ್ ಸಂಗೀತಗಾರ ಬಾಖ್‌ನ ಹೆಚ್ಚುಕಡಿಮೆ ಮರೆತುಹೋಗಿದ್ದ ಮಹಾಕೃತಿಯೊಂದನ್ನು 1829ರಲ್ಲಿ, ಇಪ್ಪತ್ತರ ಹರೆಯದ ಸಂಗೀತಗಾರ ಮೆಂಡೆಲ್‌ಸನ್‌ನ ನೇತೃತ್ವದಲ್ಲಿ ಮತ್ತೆ ಜನರ ಕಿವಿಗೆ ತಲುಪಿಸಿತು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಸಂಘ 1836ರದು, ಇಂದಿಗೂ ನಡೆಯುತ್ತಿದೆ. ಅದು ಉಣ್ಣೆ ಬಟ್ಟೆಯ ಗಿರಣಿಗಳಿಂದ ಬೆಳೆದ ಊರು; ಮಗ್ಗದ ಸದ್ದಿನಲ್ಲಿ ಬೆಳೆದ ಬೆಟಗೇರಿಯವರಿಗೆ ಅದು ದೂರದ್ದೆನಿಸಲಾರದು. ನಮ್ಮ ದೇಶದಲ್ಲಿಯೂ ರೂಮಾ ಗುಹಾ ಠಾಕುರ್ತಾ ಅವರ ಕಲ್ಕತ್ತಾ ಯೂತ್ ಕ್ವಾಯರ್ ಮತ್ತು ಎಂ.ಬಿ. ಶ್ರೀನಿವಾಸನ್ ಅವರ ಮದ್ರಾಸ್ ಯೂತ್ ಕ್ವಾಯರ್ ಈ ಪದ್ಧತಿಯನ್ನು ಭಾರತೀಯ ಭಾಷೆಗಳಿಗೆ ಒಗ್ಗಿಸಿಕೊಂಡವು.

ಇನ್ನು ನಿಮ್ಮ ಊರಿನ ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂದರು. ಅವರ ಸಭೆಗಳಲ್ಲಿ ಕನ್ನಡದ ಕೀರ್ತನೆಗಳನ್ನು ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡುವ ರೂಢಿ ಬೆಳೆಯಿತು. ಅದಕ್ಕಿಂತ ಹಳೆಯದು, ಮತ್ತು ನನ್ನ ಮಟ್ಟಿಗೆ ಇನ್ನೂ ಹೆಚ್ಚು ಉದಾರವಾದದ್ದು, ನಮ್ಮ ಭಜನೆಯ ಕ್ರಮ. ಮುಂದಿನವರು ಒಂದು ಸೊಲ್ಲು ಎತ್ತಿಕೊಡುತ್ತಾರೆ, ಹಿಂದಿನವರು ಅದನ್ನು ಹಿಡಿದು ಮರಳಿಸುತ್ತಾರೆ. ಮೊದಲ ಸುತ್ತು ನಿಧಾನ, ಆಮೇಲೆ ತಾಳ, ದಮ್ಮಡಿಗಳ ಲಯ ಏರುತ್ತ ಹೋದಂತೆ, ಬಾಗಿಲ ಬಳಿ ಸುಮ್ಮನೆ ಕುಳಿತವರೂ ಮೂರನೆಯ ಸುತ್ತಿಗೆ ದನಿಗೂಡಿಸಿರುತ್ತಾರೆ. ಪುಸ್ತಕ ಬೇಡ, ಅಕ್ಷರ ಬೇಡ. ಶಿಶುನಾಳ ಶರೀಫರು (1819–1889) ತೀರಿಕೊಂಡು ಇಷ್ಟು ವರ್ಷಗಳಾದರೂ ಅವರ ತತ್ತ್ವಪದಗಳು ಹಳ್ಳಿಯವರ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ಈ ಕ್ರಮದಿಂದಲೇ. ಸೋಬಾನೆ ಹಾಡುವ ಹೆಣ್ಣುಮಕ್ಕಳದೂ ಇದೇ ದಾರಿ. ಗದುಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಏಕೀಕರಣದ ಗೀತೆಯಾದದ್ದು, ಜನ ಅದನ್ನು ಗುಂಪಾಗಿ ಹಾಡಿದ್ದರಿಂದ.

ಇದನ್ನೆಲ್ಲ ಮುಂದಿಟ್ಟುಕೊಂಡು ಉದ್ದೇಶವನ್ನು ಬರೆಯಿರಿ. ‘ಸ್ಪರ್ಧೆಗಳಲ್ಲಿ ಬಹುಮಾನ ಗಳಿಸುವುದು’ ಎಂಬ ಸಾಲು ದಯವಿಟ್ಟು ಬೇಡ. ಬಹುಮಾನವೇ ಗುರಿಯಾದ ದಿನ, ಶ್ರುತಿ ತಪ್ಪುವ ಅಜ್ಜಿಯನ್ನೂ ದನಿ ಒಡೆಯುತ್ತಿರುವ ಹುಡುಗನನ್ನೂ ಹಿಂದಿನ ಸಾಲಿಗೆ, ಅಲ್ಲಿಂದ ಮನೆಗೆ ಕಳಿಸುವುದು ಶುರುವಾಗುತ್ತದೆ. ಹೀಗೆ ಬರೆಯಬಹುದು: ‘ಜಾತಿ, ಮತ, ವಯಸ್ಸು, ವಿದ್ಯೆಗಳ ಭೇದವಿಲ್ಲದೆ, ದನಿಪರೀಕ್ಷೆಯಿಲ್ಲದೆ ಹಾಡಬಯಸುವ ಎಲ್ಲರನ್ನೂ ಸೇರಿಸಿಕೊಳ್ಳುವುದು, ಈ ಭಾಗದ ತತ್ತ್ವಪದ, ವಚನ, ದಾಸರ ಪದ, ಸೋಬಾನೆ ಪದಗಳನ್ನು ಹಿರಿಯರಿಂದ ಕಲಿತು ಕಿರಿಯರಿಗೆ ಕಲಿಸುವುದು.’ ಪುಸ್ತಕವನ್ನು ನೋಡಲಾರದ ಮಕ್ಕಳೂ ಕಿವಿಯಿಂದಲೇ ಸಂಗೀತ ಕಲಿತು ವಿದ್ವಾಂಸರಾಗಬಲ್ಲರೆಂಬುದನ್ನು ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತೋರಿಸಿಕೊಟ್ಟಿರುವಾಗ, ನಿಮ್ಮ ಸಂಘ ಯಾರನ್ನೂ ‘ಇವರಿಗೆ ಬಾರದು’ ಎಂದು ಕೈಬಿಡಬೇಕಾಗಿಲ್ಲ.

ನೋಂದಣಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಆಗುತ್ತದೆ. ಕನಿಷ್ಠ 7 ಜನ ಸದಸ್ಯರು, ಜ್ಞಾಪನಾ ಪತ್ರ ಮತ್ತು ನಿಯಮಾವಳಿ ಬೇಕು.

ಪ್ರಶ್ನೆ: ಗಂಡಸರೂ ಹೆಂಗಸರೂ ಒಟ್ಟಿಗೆ ಹಾಡಿದರೆ ಒಬ್ಬರಿಗೆ ಶ್ರುತಿ ಎತ್ತರ, ಇನ್ನೊಬ್ಬರಿಗೆ ತಗ್ಗು. ಏನು ಮಾಡಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಗಂಡಸರಿಗೆ ಶ್ರುತಿಯಾಗಿ ಸಾಮಾನ್ಯವಾಗಿ ಕಪ್ಪು ಒಂದು ಅಥವಾ ಎರಡು, ಹೆಂಗಸರಿಗೆ ಕಪ್ಪು ನಾಲ್ಕು ಅಥವಾ ಐದು ಹೊಂದುತ್ತದೆ. ಕಪ್ಪು ಮೂರನ್ನು ಷಡ್ಜ (ಸ) ಮಾಡಿಕೊಂಡು, ಪಲ್ಲವಿ ಪಂಚಮವನ್ನು (ಪ) ದಾಟದ ಹಾಡುಗಳನ್ನು ಆರಿಸಿದರೆ ಪಲ್ಲವಿಯನ್ನು ಎಲ್ಲರೂ ಆಯಾಸವಿಲ್ಲದೆ ಹಾಡಬಹುದು. ತಾರಷಡ್ಜಕ್ಕೆ (ಮೇಲಿನ ಸ) ಏರುವ ನುಡಿಗಳನ್ನು ಹೆಂಗಸರಿಗೆ ಬಿಡಿ; ಆಗ ಗಂಡಸರು ಸುಮ್ಮನೆ ಕೂರದೆ ಷಡ್ಜವನ್ನೋ, ರಾಗದಲ್ಲಿ ಇದ್ದರೆ ಮಂದ್ರದ (ಕೆಳಗಿನ) ಪಂಚಮವನ್ನೋ ‘ಆ’ ಎಂದು ಮೆಲ್ಲಗೆ ಹಿಡಿದಿರಲಿ. ರಾಗ ಕೆಡುವುದಿಲ್ಲ, ಹಾಡಿಗೆ ತುಂಬು ಬರುತ್ತದೆ. ಅಭ್ಯಾಸದ ಮೊದಲ ಐದು ನಿಮಿಷ ಎಲ್ಲರೂ ಷಡ್ಜವೊಂದನ್ನೇ ಹಿಡಿಯಿರಿ. ಪಕ್ಕದವರ ದನಿ ಕೇಳಿಸದಷ್ಟು ಗಟ್ಟಿಯಾಗಿ ಹಾಡುತ್ತಿದ್ದೀರೆಂದರೆ ನಿಮ್ಮ ದನಿಯನ್ನು ತಗ್ಗಿಸಿ. ಹಾರ್ಮೋನಿಯಂ ನುಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.