ಓದುಗರ ಪ್ರಶ್ನೆ: ಮಗುವಿನ ನಡಿಗೆ ಮತ್ತು ಮೂತ್ರದ ಸೋರಿಕೆ

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಹುಟ್ಟಿದಾಗ ಅವಳ ಮೂತ್ರಕೋಶವೂ ಕರುಳಿನ ಒಂದು ಭಾಗವೂ ಹೊಟ್ಟೆಯ ಹೊರಗೆ ತೆರೆದುಕೊಂಡಿದ್ದವು. ಆಸ್ಪತ್ರೆಯ ಚೀಟಿಯಲ್ಲಿ ‘ಕ್ಲೋಯಕಲ್ ಎಕ್ಸ್‌ಟ್ರೋಫಿ’ ಎಂದಿದೆ. ಹಸುಗೂಸಾಗಿದ್ದಾಗ ಬೆನ್ನಿನ ಕೆಳಭಾಗದಲ್ಲಿದ್ದ ಕೊಬ್ಬಿನ ಗಂಟಿಗೂ ಶಸ್ತ್ರಚಿಕಿತ್ಸೆಯಾಗಿದೆ. ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುತ್ತೇನೆ, ನಡುವೆ ಸೋರುತ್ತಿರಲಿಲ್ಲ. ಈ ಮಳೆಗಾಲದಿಂದ ಎರಡು ಗಂಟೆಗೇ ಬಟ್ಟೆ ಒದ್ದೆಯಾಗುತ್ತಿದೆ. ಚಳಿಗೆ ಹಾಗಾಗುತ್ತದೆ ಎನ್ನುತ್ತಾರೆ ಅತ್ತೆ. ಪಾದಗಳನ್ನು ಹೊರಕ್ಕೆ ತಿರುಗಿಸಿ ಓಲಾಡುತ್ತ ನಡೆಯುತ್ತಾಳೆ, ಈಚೆಗೆ ತೋಟದ ಇಳಿಜಾರಿನಲ್ಲಿ ಬೀಳುತ್ತಾಳೆ, ಎಡಗಾಲಿನ ಬೂಟು ತುದಿಯಲ್ಲಿ ಮಾತ್ರ ಸವೆದಿದೆ. ಮೂಳೆ ತಜ್ಞರಿಗೆ ತೋರಿಸಬೇಕೇ?
– ಒಬ್ಬ ತಾಯಿ, ವಿರಾಜಪೇಟೆ ತಾಲ್ಲೂಕು

ಉತ್ತರ: ನೀವು ಮೂಳೆಯ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಬೂಟು. ಈ ತೊಂದರೆಯಿರುವ ಮಕ್ಕಳಲ್ಲಿ ಸೊಂಟದ ಮೂಳೆಗಳ ಬಳೆ ಮುಂಭಾಗದಲ್ಲಿ ಕೂಡಿಕೊಂಡಿರುವುದಿಲ್ಲ. ಅದರಿಂದ ತೊಡೆಯ ಕೀಲುಗಳೂ ಪಾದಗಳೂ ಹೊರಮುಖವಾಗುತ್ತವೆ. ಮೊದಲಿನಿಂದಲೂ ಎರಡೂ ಕಡೆ ಒಂದೇ ಬಗೆಯಲ್ಲಿರುವ ಓಲಾಟ ಸಾಮಾನ್ಯವಾಗಿ ಬೆಳೆದಂತೆ ಕಡಿಮೆಯಾಗುತ್ತದೆ, ಅದಕ್ಕಾಗಿಯೇ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ.

ಬೂಟಿನ ತುದಿ ಸವೆಯುವಂತೆ ಒಂದೇ ಕಾಲನ್ನು ಹೊಸದಾಗಿ ಎಳೆದು ನಡೆಯುವುದು ಬೇರೆ ಮಾತು. ಮೂತ್ರಕೋಶ ಮಾತ್ರ ತೆರೆದುಕೊಂಡಿರುವ ಮಕ್ಕಳಲ್ಲಿ ಬೆನ್ನುಹುರಿಯ ದೋಷ ವಿರಳ. ಕರುಳೂ ಸೇರಿದ ನಿಮ್ಮ ಮಗಳಂಥವರಲ್ಲಿ ಅದು ಬಹುಪಾಲು ಇದ್ದೇ ಇರುತ್ತದೆ. ಬೆನ್ನುಹುರಿಯ ಕೆಳತುದಿ ಕೊಬ್ಬಿಗೋ ಗಾಯದ ಕಲೆಗೋ ಅಂಟಿಕೊಂಡಿದ್ದರೆ, ಮಗು ಎತ್ತರ ಬೆಳೆದಂತೆ ಅದು ಜಗ್ಗಲ್ಪಟ್ಟು, ಮೂತ್ರಕೋಶಕ್ಕೂ ಕಾಲಿಗೂ ಹೋಗುವ ನರಗಳು ಸೊರಗುತ್ತವೆ. ಹಸುಗೂಸಾಗಿದ್ದಾಗಿನ ಶಸ್ತ್ರಚಿಕಿತ್ಸೆಯಲ್ಲಿ ಒಮ್ಮೆ ಬಿಡಿಸಿದ್ದರೂ ಮತ್ತೆ ಅಂಟಿಕೊಳ್ಳಬಹುದು. ಚಳಿಗೆ ಮೂತ್ರ ಹೆಚ್ಚಾಗುವುದು ನಿಜ, ಅತ್ತೆಯವರ ಮಾತು ಸುಳ್ಳಲ್ಲ. ಆದರೆ ಚಳಿಗೆ ಬೂಟಿನ ತುದಿ ಸವೆಯುವುದಿಲ್ಲ.

ಮೊದಲು ಮಡಿಕೇರಿಯಲ್ಲೇ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕಿನಿಂದಲೂ ಸೋರಿಕೆ ಹೆಚ್ಚುತ್ತದೆ. ಫಲಿತಾಂಶ ಏನೇ ಬರಲಿ, ಮುಂದಿನ ನಿಗದಿತ ಭೇಟಿಯವರೆಗೆ ಕಾಯದೆ ಕೆಲವೇ ದಿನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರನ್ನೂ ಮಕ್ಕಳ ನರಶಸ್ತ್ರಚಿಕಿತ್ಸಕರನ್ನೂ ಕಾಣಿರಿ. ಬೆನ್ನಿನ ಎಂ.ಆರ್.ಐ. ಮಾಡಿಸುತ್ತಾರೆ, ಆದರೆ ಒಮ್ಮೆ ಶಸ್ತ್ರಚಿಕಿತ್ಸೆಯಾದ ಬೆನ್ನುಹುರಿ ಚಿತ್ರದಲ್ಲಿ ಬಹುತೇಕ ಯಾವಾಗಲೂ ಅಂಟಿಕೊಂಡಂತೆಯೇ ಕಾಣುವುದರಿಂದ, ಮೂತ್ರಕೋಶದ ಒತ್ತಡ ಅಳೆಯುವ ಪರೀಕ್ಷೆಯನ್ನು ಹಳೆಯ ವರದಿಯೊಂದಿಗೆ ಹೋಲಿಸುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೂಳೆ ತಜ್ಞರಿಗೂ ತೋರಿಸಿ: ಇಂಥ ಮಕ್ಕಳಲ್ಲಿ ಬೆನ್ನು ಪಕ್ಕಕ್ಕೆ ಬಾಗುವುದುಂಟು, ತೊಡೆಯ ಕೀಲು ಜಾರಿರುವುದೂ ಉಂಟು.

ಈ ನಡುವೆ ಕಾಲಿನ ಬಲ ಥಟ್ಟನೆ ಕುಸಿದರೆ, ಬೆನ್ನುನೋವಿನಿಂದ ರಾತ್ರಿ ಏಳುವಂತಾದರೆ, ಅಥವಾ ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕ್ಯಾಥೆಟರ್, ಕೈಗವಸು ಲ್ಯಾಟೆಕ್ಸ್ ರಬ್ಬರಿನವಾಗಿರದಂತೆ ನೋಡಿಕೊಳ್ಳಿ. ಹಲವು ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ಅದರ ಅಲರ್ಜಿ ಬೇಗ ತಗಲುತ್ತದೆ, ಹುಟ್ಟುಹಬ್ಬದ ಬಲೂನೂ ಅದೇ ಜಾತಿಯದು.

ಹೋಗುವಾಗ ಹಳೆಯ ಫಿಲಂಗಳ ಜೊತೆಗೆ, ಒಂದೆರಡು ದಿನ ಯಾವ ಹೊತ್ತಿಗೆ ಎಷ್ಟು ಮೂತ್ರ ತೆಗೆದಿರಿ, ಯಾವಾಗ ಬಟ್ಟೆ ಒದ್ದೆಯಾಯಿತು ಎಂದು ಬರೆದ ಹಾಳೆಯನ್ನೂ ಆ ಎಡಗಾಲಿನ ಬೂಟನ್ನೂ ಚೀಲದಲ್ಲಿ ಹಾಕಿಕೊಳ್ಳಿ.